ಮೆಕ್ಕೆಜೋಳದ ಸಾಲಿನ ನಡುವಿನ ಆ ಎರಡು ಅಡಿ

ಹಾವೇರಿ ಜಿಲ್ಲೆಯ ಮೆಕ್ಕೆಜೋಳ ರೈತರ ಮುಂದೆ ಆಡಿದ ಮಾತು ಇದು. ಅವತ್ತು ಬರಲಾಗದವರು ಬರೆದು ಹಾಕಿ ಅಂತ ಕೇಳಿದ್ದರು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ನಿಜವಾದ ಚರ್ಚೆ ಆದದ್ದು ಅಲ್ಲೇ.

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ಬೀಜದ ಬಗ್ಗೆ, ಯೂರಿಯಾ ಬಗ್ಗೆ, ಸುಳಿ ತಿನ್ನುವ ಲದ್ದಿ ಹುಳುವಿನ (ಫಾಲ್ ಆರ್ಮಿವರ್ಮ್) ಬಗ್ಗೆ, ಕ್ವಿಂಟಾಲಿಗೆ ಎಷ್ಟು ರೇಟು ಅನ್ನುವುದರ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ಮೆಕ್ಕೆಜೋಳದ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 60 ಸೆಂ.ಮೀ. ಬಿಡುತ್ತೇವಲ್ಲ, ಆ ಎರಡು ಅಡಿ ಜಾಗದ ಬಗ್ಗೆ ಮಾತ್ರ ಮಾತೇ ಇಲ್ಲ. ಅಲ್ಲಿ ಕಳೆ ಬಂದರೆ ತೆಗೆಯಬೇಕು, ಅಷ್ಟೇ. ಆದರೆ ಲೆಕ್ಕ ಹಾಕಿ ನೋಡಿ, ಹೊಲದ ಬಹುಪಾಲು ನೆಲ ಅದೇ. ಮಣ್ಣು ಚೆನ್ನಾಗಿರುವುದೋ ಹಾಳಾಗುವುದೋ ತೀರ್ಮಾನ ಆಗುವುದು ಆ ಜಾಗದಲ್ಲಿ.

ಜೂನ್‌ನಲ್ಲಿ ಬಿತ್ತುತ್ತೀರಿ. ಮೊದಲ ತಿಂಗಳು, ಒಂದೂವರೆ ತಿಂಗಳು ಗಿಡ ಸಣ್ಣದು, ನೆಲ ಬಯಲು. ಆಮೇಲೆ ಎಲೆ ಕೂಡಿಕೊಂಡು ನೆರಳಾಗುತ್ತದೆ. ತೊಂಬತ್ತು ದಿನ ದಾಟಿದ ಮೇಲೆ ಎಲೆ ಒಣಗುತ್ತಾ ಬರುತ್ತದೆ, ಮತ್ತೆ ನೆಲಕ್ಕೆ ಬಿಸಿಲು. ನಮ್ಮ ಮಧ್ಯ ಕರ್ನಾಟಕದ ಒಣ ಭಾಗದಲ್ಲಿ, ಅಂದರೆ ದಾವಣಗೆರೆ, ಚಿತ್ರದುರ್ಗದ ಕಡೆ, ಒಳ್ಳೆಯ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸರಿಯಾಗಿ ಜೋಳ ಒಣಗುವ ಹೊತ್ತಿಗೆ. ತೆನೆ ಮುರಿದ ಮೇಲಂತೂ ಮುಂದಿನ ಜೂನ್‌ವರೆಗೆ ಹೊಲದಲ್ಲಿ ಹಸಿರು ಅನ್ನುವುದೇ ಇಲ್ಲ.

ದಪ್ಪ ಮಳೆಹನಿ ನೆಲಕ್ಕೆ ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 30 ಕಿ.ಮೀ.ಗೂ ಜಾಸ್ತಿ. ಬಯಲು ಮಣ್ಣಿಗೆ ಬಿದ್ದರೆ ಸಣ್ಣ ಹರಳುಗಳು ಒಡೆಯುತ್ತವೆ, ಪುಡಿ ಹೋಗಿ ಮಣ್ಣಿನ ಸಂದಿಗಳಲ್ಲಿ ಕೂರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಮೇಲ್ಪದರ ಹಪ್ಪಳದ ಹಾಗೆ ಗಟ್ಟಿ. ಕೆಂಪು ಮಣ್ಣಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂದಿನ ಮಳೆ ಬಂದಾಗ ನೀರು ಒಳಗೆ ಇಳಿಯದೆ ಬದುವಿನ ಕಡೆ ಓಡುತ್ತದೆ, ಜೊತೆಗೆ ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಹೋದರೆ ಅದು ಸುಮಾರು 5 ಟನ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ನೀವು ಹಾಕಿದ ಗೊಬ್ಬರದ ಸತ್ವ ಇರುವುದು ಅದೇ ಮಿಲಿಮೀಟರ್‌ಗಳಲ್ಲಿ.

ಇಲ್ಲಿಗೆ ಜೀವಂತ ಹೊದಿಕೆ ಬರುತ್ತದೆ. ಒಣ ಹುಲ್ಲು, ರವದಿ ಹಾಸುವುದು ಒಂದು ಬಗೆಯ ಹೊದಿಕೆ. ಇದು ಹಾಗಲ್ಲ. ಸಾಲಿನ ನಡುವೆ ಇನ್ನೊಂದು ಬೆಳೆಯನ್ನು, ಹೆಚ್ಚಾಗಿ ಅಲಸಂದೆ, ಹುರುಳಿ, ಹೆಸರು, ಇಂಥ ದ್ವಿದಳವನ್ನು, ಬೆಳೆದು ನೆಲ ಮುಚ್ಚಿಸುವುದು. ಅಕ್ಕಡಿ ಸಾಲು ಹಾಕುವ ಪದ್ಧತಿ ನಿಮಗೆ ಗೊತ್ತು. ಕೋಲಾರ, ತುಮಕೂರಿನ ಕಡೆ ರಾಗಿಯೊಳಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ಆದರೆ ಅಕ್ಕಡಿ ಹಾಕುವುದು ಕಾಳಿಗೆ, ಎಣ್ಣೆಗೆ. ಇಲ್ಲಿ ನಾವು ಹಾಕುವುದು ಮೊದಲು ನೆಲಕ್ಕೆ. ಕಾಳು ಸಿಕ್ಕರೆ ಸಂತೋಷ, ಸಿಗದಿದ್ದರೆ ನಷ್ಟ ಅಂತ ಅಂದುಕೊಳ್ಳಬಾರದು.

ಈಗ ಈ ಎರಡು ಗಾಜಿನ ಲೋಟ ನೋಡಿ. ಎರಡರಲ್ಲೂ ನೀರಿದೆ. ಬಾಯಿಗೆ ಒಂದೊಂದು ಸೊಳ್ಳೆ ಪರದೆಯ ತುಂಡು ಕಟ್ಟಿ, ನೀರಿನಲ್ಲಿ ಮುಳುಗುವ ಹಾಗೆ ಸಡಿಲ ಬಿಟ್ಟಿದ್ದೇನೆ. ಪಕ್ಕದಲ್ಲಿ ಎರಡು ಮಣ್ಣಿನ ಹೆಂಟೆ ಇವೆ. ಒಂದು ಹೊಲದ ನಡುವಿನದು, ವರ್ಷಾನುಗಟ್ಟಲೆ ಉತ್ತು ಬರೀ ಮೆಕ್ಕೆಜೋಳ ಬೆಳೆದ ಜಾಗ. ಇನ್ನೊಂದು ಅದೇ ಹೊಲದ ಬದುವಿನದು, ಹುಲ್ಲಿನ ಬುಡದ್ದು. ಎರಡೂ ಒಂದೇ ಕೆಂಪು ಮಣ್ಣು, ಎರಡನ್ನೂ ನೆರಳಲ್ಲಿ ಒಣಗಿಸಿದ್ದೇನೆ. ಒಟ್ಟಿಗೆ ನೀರಿಗೆ ಇಡುತ್ತೇನೆ.

ನೋಡಿದಿರಾ? ಹೊಲದ ಹೆಂಟೆಯಿಂದ ಗುಳ್ಳೆ ಎದ್ದವು, ಅಂಚು ಕುಸಿಯಿತು, ಈಗ ಪೂರ್ತಿ ಕರಗಿ ಲೋಟದ ತಳದಲ್ಲಿ ಕೆಸರಾಗಿ ಕೂತಿದೆ. ಬದುವಿನ ಹೆಂಟೆ ಇನ್ನೂ ಹಾಗೇ ಇದೆ, ನೀರು ಕೂಡ ತಿಳಿ. ಒಣ ಹೆಂಟೆಯೊಳಗೆ ಗಾಳಿ ಇರುತ್ತದೆ. ನೀರು ರಭಸವಾಗಿ ನುಗ್ಗಿದಾಗ ಆ ಗಾಳಿ ಸಿಕ್ಕಿಕೊಂಡು ಒಳಗಿನಿಂದ ಒತ್ತುತ್ತದೆ. ಹಿಡಿದಿಡುವ ಅಂಟು ಇಲ್ಲದಿದ್ದರೆ ಹೆಂಟೆ ಸಿಡಿಯುತ್ತದೆ. ಬದುವಿನ ಮಣ್ಣಿನಲ್ಲಿ ಅಂಟು ಇದೆ, ಯಾಕೆಂದರೆ ಅಲ್ಲಿ ವರ್ಷದ ಬಹುಕಾಲ ಬೇರು ಜೀವಂತ ಇರುತ್ತದೆ. ಜೀವಂತ ಬೇರು ಸಕ್ಕರೆಯಂಥ ರಸ ಬಿಡುತ್ತಲೇ ಇರುತ್ತದೆ. ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಅಂಟು ಬಿಡುತ್ತವೆ. ಮೈಕೋರೈಜಾ ಅನ್ನುವ ಶಿಲೀಂಧ್ರದ ನೂಲುಗಳು ಬೇರಿನಿಂದ ಹೊರಟು ಮಣ್ಣಿನ ಕಣಗಳನ್ನು ಸುತ್ತಿ ಕಟ್ಟುತ್ತವೆ. ಈ ಶಿಲೀಂಧ್ರಕ್ಕೆ ಸ್ವಂತ ಊಟ ಇಲ್ಲ, ಬದುಕಿರುವ ಬೇರು ಕೊಟ್ಟದ್ದನ್ನೇ ತಿನ್ನಬೇಕು. ನಾಲ್ಕು ತಿಂಗಳು ಬೆಳೆ, ಎಂಟು ತಿಂಗಳು ಬಯಲು ಅಂದರೆ ಅದು ಎಂಟು ತಿಂಗಳು ಉಪವಾಸ.

ಕಪ್ಪು ಮಣ್ಣಿನವರು ಈ ಪ್ರಯೋಗ ಮಾಡಿದರೆ ಒಂದು ಎಚ್ಚರ. ಎರೆಮಣ್ಣು ಒದ್ದೆಯಾದರೆ ತಾನಾಗೇ ಉಬ್ಬಿ ಬಿರಿಯುತ್ತದೆ, ಅದನ್ನು ನೋಡಿ ಹೆದರಬೇಡಿ. ನಿಮ್ಮ ಬದುವಿನ ಹೆಂಟೆಯ ಜೊತೆಗೇ ಹೋಲಿಸಿ, ಪಕ್ಕದ ಊರಿನ ಕೆಂಪು ಮಣ್ಣಿನ ಜೊತೆ ಬೇಡ.

ಇನ್ನು ಸಾರಜನಕದ ಮಾತು. ದ್ವಿದಳ ಗಾಳಿಯ ಸಾರಜನಕ ಹಿಡಿಯುತ್ತದೆ, ಅದನ್ನು ಹಾಕಿದರೆ ಯೂರಿಯಾ ಬೇಡ ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಲೆಕ್ಕ ಹಾಕೋಣ. ಅಲಸಂದೆ ಸೊಪ್ಪನ್ನು ಒಣಗಿಸಿದರೆ ಅದರಲ್ಲಿ ಹೆಚ್ಚೂಕಡಿಮೆ 2.5ರಿಂದ 3% ಸಾರಜನಕ. ಮೆಕ್ಕೆಜೋಳದ ನೆರಳಲ್ಲಿ ಬೆಳೆದ ಅಲಸಂದೆ ಎಕರೆಗೆ ಅರ್ಧ ಟನ್ ಒಣ ತೂಕ ಕೊಟ್ಟಿತು ಅಂತಿಟ್ಟುಕೊಳ್ಳಿ, ಆಗ 12ರಿಂದ 15 ಕೆಜಿ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆಜಿ ಇರುತ್ತದೆ. ಅಂದರೆ ಒಂದು ಚೀಲಕ್ಕಿಂತ ಕಡಿಮೆ. ಅದೂ ಎಲ್ಲ ಗಾಳಿಯಿಂದ ಬಂದದ್ದಲ್ಲ, ಒಂದಷ್ಟು ನಿಮ್ಮ ಮಣ್ಣಿನದೇ. ಇನ್ನೊಂದು ಮುಖ್ಯ ಮಾತು: ಜೀವಂತ ಇರುವಾಗ ದ್ವಿದಳ ತನ್ನ ಸಾರಜನಕವನ್ನು ಪಕ್ಕದ ಜೋಳಕ್ಕೆ ಕೊಡುವುದು ತೀರಾ ಕಡಿಮೆ. ಸತ್ತು ಕೊಳೆತ ಮೇಲೆ ಬಿಡುತ್ತದೆ. ಹಾಗಾಗಿ ಅದರ ಫಲ ಹೆಚ್ಚಾಗಿ ಮುಂದಿನ ಬೆಳೆಗೆ. ಈ ವರ್ಷವೇ ಯೂರಿಯಾ ಕಡಿಮೆ ಮಾಡಿ ಜೋಳ ಹಳದಿಯಾದರೆ, ಹೊದಿಕೆಯ ಮೇಲೆ ನಿಮಗೆ ನಂಬಿಕೆ ಹೋಗುತ್ತದೆ, ತಪ್ಪು ಹೊದಿಕೆಯದ್ದಲ್ಲದಿದ್ದರೂ. ಮಣ್ಣು ಪರೀಕ್ಷೆ ನೋಡಿಕೊಂಡು ವರ್ಷ ವರ್ಷ ನಿಧಾನಕ್ಕೆ ಇಳಿಸಿ.

ದ್ವಿದಳ ಗಾಳಿಯ ಸಾರಜನಕ ಹಿಡಿಯುವುದು ಬೇರಿನ ಗಂಟುಗಳಲ್ಲಿ. ಆ ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡುವುದು ಸುಲಭ. ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಗುದ್ದಲಿಯಲ್ಲಿ ಮಣ್ಣಿನ ಸಮೇತ ಎತ್ತಿ. ಜಗ್ಗಬೇಡಿ, ಜಗ್ಗಿದರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ನೀರಲ್ಲಿ ಮೆಲ್ಲಗೆ ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಇದ್ದರೆ ಅದು ಸಾರಜನಕ ಹಿಡಿಯುತ್ತಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ಹತ್ತಿರದ ನೆಂಟ ಅದರಲ್ಲೂ ಇರುತ್ತದೆ. ಬಿಳಿಯಾಗಿದ್ದರೆ ಇನ್ನೂ ಎಳೆಯದು. ಹಸಿರು, ಬೂದು ಬಣ್ಣ ಆಗಿದ್ದರೆ ಅದರ ಕೆಲಸ ಮುಗಿದಿದೆ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ, ಅಂದರೆ ಈ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾದ, ಲೇಪನ ಮಾಡಿ ಬಿತ್ತಿ. ಬೆಲ್ಲದ ನೀರಿನ ಅಂಟಿನಲ್ಲಿ ಕಲಸಿ, ನೆರಳಲ್ಲಿ ಆರಿಸಿದರೆ ಸಾಕು.

ಸಾವಯವ ಇಂಗಾಲದ ವಿಷಯದಲ್ಲೂ ಹೀಗೇ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 0.5%ಗಿಂತ ಕಡಿಮೆ ಇದ್ದರೆ 'ಕಡಿಮೆ' ಅಂತ ಬರೆದಿರುತ್ತಾರೆ, ನಮ್ಮ ಎಷ್ಟೋ ಕೆಂಪು ಹೊಲಗಳ ಚೀಟಿ ಹಾಗೇ ಇದೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 800 ಟನ್. ಅದರಲ್ಲಿ ಇಂಗಾಲ 0.1% ಏರಬೇಕಾದರೆ 800 ಕೆಜಿ ಇಂಗಾಲ ಮಣ್ಣಲ್ಲಿ ಉಳಿಯಬೇಕು. ಅರ್ಧ ಟನ್ ಒಣ ಸೊಪ್ಪಿನಲ್ಲಿ ಇರುವುದು ಇನ್ನೂರು ಕೆಜಿ ಚಿಲ್ಲರೆ, ಅದರಲ್ಲೂ ಬಹುಪಾಲು ಸೂಕ್ಷ್ಮಜೀವಿಗಳು ಉಸಿರಾಡಿ ಗಾಳಿಗೆ ಹೋಗುತ್ತದೆ. ಬೇರಿನ ಇಂಗಾಲ ಸೊಪ್ಪಿನದಕ್ಕಿಂತ ಚೆನ್ನಾಗಿ ಉಳಿಯುತ್ತದೆ, ಆದರೂ ಎರಡು ವರ್ಷದಲ್ಲಿ ಚೀಟಿಯ ಅಂಕಿ ಜಿಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಬೇಕು ಅಲ್ವಾ? ಬೇಗ ಬದಲಾಗುವುದು ಚೀಟಿಯ ಅಂಕಿಯಲ್ಲ, ಮಣ್ಣಿನ ನಡವಳಿಕೆ. ಹನಿ ಎಲೆಗೆ ಬಿದ್ದು ನೆಲಕ್ಕೆ ಮೆಲ್ಲಗೆ ಇಳಿಯುತ್ತದೆ, ಅದು ಮೊದಲ ವರ್ಷವೇ. ಹರಿಯುವ ನೀರಿಗೆ ದಂಟು, ಬೇರು ಅಡ್ಡ ಬರುತ್ತವೆ, ಅದೂ ಮೊದಲ ವರ್ಷವೇ. ನೆರಳಿದ್ದ ಮಣ್ಣು ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಎರೆಹುಳು ಮೇಲಕ್ಕೆ ಬರುತ್ತದೆ, ಸತ್ತ ಬೇರಿನ ದಾರಿಯಲ್ಲಿ ನೀರು ಇಳಿಯುತ್ತದೆ. ಹೆಂಟೆ ಲೋಟದಲ್ಲಿ ನಿಲ್ಲುವ ಹೊತ್ತು ಕ್ರಮೇಣ ಹೆಚ್ಚುತ್ತದೆ. ನಮ್ಮಂಥ ಮಳೆ ನಂಬಿದ ಹೊಲಕ್ಕೆ ಇದೇ ದೊಡ್ಡ ಲಾಭ. ಒಂದು ಎಕರೆಗೆ ಒಂದು ಮಿ.ಮೀ. ಮಳೆ ಅಂದರೆ 4,000 ಲೀಟರ್ ನೀರು. ಒಂದು ಜೋರು ಮಳೆಯಲ್ಲಿ ಹತ್ತು ಮಿ.ಮೀ. ಹೆಚ್ಚು ಇಂಗಿದರೆ 40,000 ಲೀಟರ್. ಇದನ್ನು ಟ್ಯಾಂಕರಿನಲ್ಲಿ ತಂದು ಹಾಕಲು ಯಾರಿಂದಲೂ ಆಗುವುದಿಲ್ಲ.

ಆದರೆ ಹೊದಿಕೆಯೂ ನೀರು ಕುಡಿಯುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡುವವರ ಮೇಲೆ ನನಗೆ ಬೇಸರವಿದೆ. ಜೋಳಕ್ಕೆ ಸೂಲಂಗಿ ಬಂದು ರೇಷ್ಮೆಯಂಥ ಎಳೆ ಹೊರಡುವ ಹೊತ್ತು, ಅಂದರೆ ಬಿತ್ತಿದ ಸುಮಾರು 50ರಿಂದ 65ನೇ ದಿನದವರೆಗೆ, ನೀರಿಗೆ ಅತಿ ಸೂಕ್ಷ್ಮ. ಆಗ ಮಳೆ ಕೈಕೊಟ್ಟು, ಪಕ್ಕದಲ್ಲಿ ದಟ್ಟವಾದ ಅಲಸಂದೆಯೂ ಇದ್ದರೆ ತೆನೆಯಲ್ಲಿ ಕಾಳು ಕಟ್ಟುವುದು ಕಡಿಮೆಯಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕುರಾ ಕ್ಲೋವರ್ ಅನ್ನುವ ಬಹುವಾರ್ಷಿಕ ದ್ವಿದಳದೊಳಗೇ ಮೆಕ್ಕೆಜೋಳ ಬಿತ್ತುವ ಬಗ್ಗೆ ತುಂಬಾ ಕೆಲಸ ಆಗಿದೆ. ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ ಅಂತ ಅಲ್ಲಿ ಕಂಡಿದೆ. ಜೊತೆಗೆ, ಕ್ಲೋವರನ್ನು ಸರಿಯಾಗಿ ಹತ್ತಿಕ್ಕದಿದ್ದರೆ, ಅಥವಾ ಮಳೆ ಕಡಿಮೆಯಾದರೆ, ಜೋಳದ ಇಳುವರಿ ಬೀಳುತ್ತದೆ ಅಂತಲೂ ಕಂಡಿದೆ. ಹತ್ತಿಕ್ಕಲು ಅವರು ಕಳೆನಾಶಕ ಬಳಸುತ್ತಾರೆ. ಆ ಪದ್ಧತಿಯನ್ನು ಹಾಗೇ ಎತ್ತಿ ಹಾವೇರಿಗೆ ತರುವುದರಲ್ಲಿ ಅರ್ಥವಿಲ್ಲ.

ಕೀನ್ಯಾದ ಅನುಭವ ನಮಗೆ ಇನ್ನೂ ಹತ್ತಿರ. ಅಲ್ಲಿನ ಕೀಟ ಸಂಶೋಧನಾ ಸಂಸ್ಥೆ ಇಸಿಪೆ, ಇಂಗ್ಲೆಂಡಿನ ಕೃಷಿ ಸಂಶೋಧನಾ ಸಂಸ್ಥೆ ರಾಥಮ್‌ಸ್ಟೆಡ್ ಜೊತೆ ಸೇರಿ 1990ರ ದಶಕದಲ್ಲಿ ಒಂದು ಪದ್ಧತಿ ಬೆಳೆಸಿತು, ಅದರ ಮುಂದಾಳು ಭಾರತ ಮೂಲದ ವಿಜ್ಞಾನಿ ಜಿಯಾವುರ್ ಖಾನ್. ಮೆಕ್ಕೆಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ಬೇರಿನ ರಸದಿಂದ ಸ್ಟ್ರೈಗಾ ಅನ್ನುವ ಪರಾವಲಂಬಿ ಕಳೆ ಮೊಳೆತರೂ ಜೋಳದ ಬೇರಿಗೆ ಅಂಟಿಕೊಳ್ಳಲಾಗದೆ ಸಾಯುತ್ತದೆ. ಕಾಂಡ ಕೊರೆಯುವ ಹುಳುವಿನ ಕಾಟವೂ ಇಳಿಯಿತು. ಸಾರಜನಕ ಬಂತು, ನೆಲ ಮುಚ್ಚಿತು, ದನಕ್ಕೆ ಮೇವೂ ಸಿಕ್ಕಿತು. ಸಣ್ಣ ರೈತರು ಅದನ್ನು ಹಿಡಿದದ್ದು ಮುಖ್ಯವಾಗಿ ಮೇವಿಗೆ ಮತ್ತು ಕಳೆಗೆ ಅಂತ ನನ್ನ ಅಂದಾಜು, ಮಣ್ಣಿನ ಲಾಭ ಜೊತೆಗೆ ಬಂತು. ಆದರೆ ವಿಕ್ಟೋರಿಯಾ ಸರೋವರದ ಆ ಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ನಮ್ಮಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ನೋಡಬೇಕು, ಸುಗ್ಗಿ ಮುಗಿದ ಮೇಲೆ ಊರ ದನ ಹೊಲಕ್ಕೆ ಬರುತ್ತದೆ. ವರ್ಷವಿಡೀ ಉಳಿಯುವ ಹೊದಿಕೆ ನೀರಾವರಿ ಇದ್ದವರಿಗೆ ಸರಿ. ಉಳಿದವರಿಗೆ ಒಂದು ಹಂಗಾಮಿನ ದ್ವಿದಳವೇ ಲೇಸು.

ಹಾಗಾಗಿ ನನ್ನ ಮಾತು ಇಷ್ಟು. ಯಾವ ಬೆಳೆ ಹಾಕುತ್ತೀರಿ ಅನ್ನುವುದಕ್ಕಿಂತ ಯಾವಾಗ ಹಾಕುತ್ತೀರಿ ಅನ್ನುವುದು ದೊಡ್ಡದು. ಜೋಳದ ಜೊತೆಗೇ ಬಿತ್ತಬೇಡಿ. ಮೊದಲ ನಾಲ್ಕು ವಾರ ಜೋಳಕ್ಕೆ ಪೈಪೋಟಿ ಇರಬಾರದು, ಕಳೆಯಿಂದಲೂ ಬೇಡ, ಅಲಸಂದೆಯಿಂದಲೂ ಬೇಡ. ಆ ನಾಲ್ಕು ವಾರ ನೆಲ ಬಯಲಾಗೇ ಇರುತ್ತದೆ, ಒಪ್ಪುತ್ತೇನೆ. ಹಿಂದಿನ ವರ್ಷದ ದಂಟನ್ನು ಸುಡದೆ ಬಿಟ್ಟಿದ್ದರೆ ಅದು ಆಗ ನೆಲವನ್ನು ಸ್ವಲ್ಪ ಕಾಪಾಡುತ್ತದೆ. ಜೋಳ ಮೊಣಕಾಲುದ್ದ ಬಂದಾಗ, ಮೇಲುಗೊಬ್ಬರ ಕೊಟ್ಟು, ಕಳೆ ತೆಗೆಯಲು ಸಾಲಿನ ನಡುವೆ ಎಡೆ ಹೊಡೆಯುತ್ತೀರಲ್ಲ, ಆ ಎಡೆಕುಂಟೆಯ ಹಿಂದೆಯೇ ಕಾಳು ಬಿಡಿ. ಎಕರೆಗೆ 4ರಿಂದ 5 ಕೆಜಿ ಸಾಕು, ಪೂರ್ತಿ ಬೆಳೆಗೆ ಹಾಕುವುದರ ಅರ್ಧ. ಸಾಲಿನ ಬುಡದಿಂದ ಒಂದು ಗೇಣು ದೂರ ಇರಲಿ.

ಮಳೆ ಚೆನ್ನಾಗಿರುವ ಕಡೆ, ಹಾನಗಲ್, ಶಿಗ್ಗಾಂವಿಯಂಥ ಕಡೆ, ಅಲಸಂದೆ ಸರಿ. ಮಳೆ ನಿಂತಿತು ಅನ್ನಿಸಿದರೆ ಕುಡುಗೋಲಿನಲ್ಲಿ ಕೊಯ್ದು ಅಲ್ಲೇ ಮಲಗಿಸಿಬಿಡಿ. ಜೀವಂತ ಹೊದಿಕೆ ಒಣ ಹೊದಿಕೆ ಆಗುತ್ತದೆ, ನೀರು ಕುಡಿಯುವುದು ನಿಲ್ಲುತ್ತದೆ. ಒಣ ಭಾಗದವರಿಗೆ ಹುರುಳಿ. ಅದು ಜೋಳದ ನೆರಳಲ್ಲಿ ಸೊರಗಿದಂತೆ ಕೂತಿರುತ್ತದೆ, ಇದೇನು ಬರಲ್ಲ ಅನ್ನಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಜೋಳದ ಎಲೆ ಒಣಗಿ ಬಿಸಿಲು ಬಿದ್ದ ಮೇಲೆ, ಹಿಂಗಾರು ಮಳೆಗೆ ಎದ್ದು ಹಬ್ಬುತ್ತದೆ. ತೆನೆ ಮುರಿದ ಮೇಲೂ ಹೊಲದಲ್ಲಿ ಹಸಿರು ಇರುತ್ತದೆ, ಬೇರು ಇರುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಇನ್ನು ಪ್ರಶ್ನೆಗಳು.

"ಸರ, ಇದನ್ನ ಹಾಕಿದ್ರ ಆಮ್ಯಾಲೆ ಎಡಿ ಹೊಡ್ಯಾದು ಹ್ಯಾಂಗ್ರಿ?" ಅಂತ ಹಿರಿಯರೊಬ್ಬರು ಕೇಳಿದರು. ಆಮೇಲೆ ಹೊಡೆಯುವ ಹಾಗಿಲ್ಲ ಯಜಮಾನ್ರೆ. ಅದಕ್ಕೇ ಕೊನೆಯ ಎಡೆಯ ಹಿಂದೆ ಕಾಳು ಬಿಡಿ ಅಂದದ್ದು. ಅದಕ್ಕೆ ಮೊದಲು ಒಂದು ಎಡೆ ಚೆನ್ನಾಗಿ ಆಗಿರಬೇಕು. ಕಳೆ ತುಂಬಿದ ನೆಲಕ್ಕೆ ಕಾಳು ಚೆಲ್ಲಿ, ಹೊದಿಕೆಯೇ ಕಳೆ ಕೊಲ್ಲುತ್ತದೆ ಅಂತ ಕೂತರೆ ಕಳೆಯೇ ಗೆಲ್ಲುತ್ತದೆ. ಶುದ್ಧ ನೆಲದಲ್ಲಿ ಹೊಸದಾಗಿ ಹುಟ್ಟುವ ಕಳೆಯನ್ನು ಮಾತ್ರ ಇದು ತಡೆಯುತ್ತದೆ.

ಕಳೆ ಔಷಧಿ ಹೊಡೆದವರು ಏನು ಮಾಡಬೇಕು ಅಂತ ಇಬ್ಬರು ಮೂವರು ಕೇಳಿದರು. ಬಿತ್ತಿದ ಕೂಡಲೇ ಅಟ್ರಾಜಿನ್ ಹೊಡೆಯುವುದು ಈಗ ಸಾಮಾನ್ಯ. ಅದು ಜೋಳಕ್ಕೆ ಏನೂ ಮಾಡುವುದಿಲ್ಲ, ಆದರೆ ಮಣ್ಣಲ್ಲಿ ವಾರಗಟ್ಟಲೆ ಉಳಿದು ದ್ವಿದಳದ ಎಳೆ ಸಸಿಯನ್ನು ಸುಡುತ್ತದೆ. ಎಲೆಯ ಅಂಚು ಹಳದಿಯಾಗಿ ಒಣಗಿದರೆ ಅದೇ ಕಾರಣ ಇರಬಹುದು. ಕಾಳು ಬಿಡುವುದಕ್ಕೆ ಎರಡು ವಾರ ಮುಂಚೆ ಸಾಲಿನ ನಡುವಿನ ಮೇಲ್ಮಣ್ಣನ್ನು ಒಂದು ಕುಂಡಕ್ಕೆ ತುಂಬಿ, ಹತ್ತು ಅಲಸಂದೆ ಕಾಳು ಹಾಕಿ ನೀರು ಕೊಡಿ. ಔಷಧಿ ಹೊಡೆಯದ ಜಾಗದ ಮಣ್ಣನ್ನು ಇನ್ನೊಂದು ಕುಂಡಕ್ಕೆ ತುಂಬಿ ಪಕ್ಕಕ್ಕಿಡಿ. ಎರಡರಲ್ಲೂ ಸಸಿ ಒಂದೇ ಥರ ಬಂದರೆ ಹೊಲಕ್ಕೂ ಹಾಕಬಹುದು. ಹೊದಿಕೆ ಹಾಕುವ ಯೋಚನೆ ಗಟ್ಟಿಯಾಗಿದ್ದರೆ ಆ ತುಂಡಿನಲ್ಲಿ ಅಟ್ರಾಜಿನ್ ಬಿಟ್ಟು ಎಡೆಕುಂಟೆಯನ್ನೇ ನಂಬುವುದು ಒಳ್ಳೆಯದು.

ಹೆಣ್ಣುಮಗಳೊಬ್ಬರು ಎದ್ದು, "ಅಲಸಂದಿ ಸೊಪ್ಪು ಕೊಯ್ದು ಎಮ್ಮಿಗಿ ಹಾಕಬಹುದೇನ್ರಿ?" ಅಂದರು. ಖಂಡಿತ ಹಾಕಬಹುದು ಅಕ್ಕಾ, ಒಳ್ಳೆಯ ಮೇವು. ಆದರೆ ಪೂರ್ತಿ ಕೊಯ್ದರೆ ನೆಲಕ್ಕೆ ಬೇರು ಮಾತ್ರ ಉಳಿಯುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲು ಕೊಯ್ಯಿರಿ, ನೆಲದಿಂದ ನಾಲ್ಕು ಬೆರಳು ಮೇಲೆ. ಸೊಪ್ಪು ತಿಂದ ಎಮ್ಮೆಯ ಸಗಣಿ ಅದೇ ಹೊಲಕ್ಕೆ ವಾಪಸ್ ಬಂದರೆ ನಷ್ಟ ಕಡಿಮೆ. ಹುರುಳಿ ಹಾಕಿದವರು ಕೊಯ್ಲಾದ ಮೇಲೆ ಕುರಿ ನಿಲ್ಲಿಸಿದರೆ ಅದೂ ಹಾಗೇ, ಹೊಟ್ಟು ತಿಂದು ಗೊಬ್ಬರ ಬಿಟ್ಟು ಹೋಗುತ್ತವೆ.

ಲದ್ದಿ ಹುಳು ಕಡಿಮೆ ಆಗುತ್ತಾ ಅನ್ನುವುದು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ. ಈ ಹುಳು ದೇಶದಲ್ಲಿ ಮೊದಲು ಕಂಡದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಪೂರ್ವ ಆಫ್ರಿಕಾದ ಡೆಸ್ಮೋಡಿಯಂ ಹೊಲಗಳಲ್ಲಿ ಇದರ ಕಾಟ ತುಂಬಾ ಕಡಿಮೆ ಅಂತ ಅಳೆದಿದ್ದಾರೆ. ಅಲಸಂದೆ, ಹುರುಳಿಯಿಂದ ಅಷ್ಟೇ ಫಲ ಸಿಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ಹೊದಿಕೆಯಲ್ಲಿ ಜೇಡ, ಇರುವೆ, ಹುಳು ತಿನ್ನುವ ಇತರ ಕೀಟಗಳಿಗೆ ಜಾಗ ಸಿಗುತ್ತದೆ, ಅದು ನಿಜ. ಸುಳಿ ನೋಡುವುದನ್ನು ಮಾತ್ರ ಬಿಡಬೇಡಿ.

ಕೊನೆಗೆ ಒಬ್ಬ ಹುಡುಗ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ: ಮಷಿನ್‌ನಲ್ಲಿ ಕಟಾವು ಮಾಡಿಸಿದರೆ ಬಳ್ಳಿ ಸಿಕ್ಕಿಕೊಳ್ಳುವುದಿಲ್ಲವೇ? ಸಿಕ್ಕಿಕೊಳ್ಳುತ್ತದೆ. ಅಲಸಂದೆಯ ಹಬ್ಬುವ ತಳಿ ದಂಟಿಗೆ ಸುತ್ತಿಕೊಂಡು ಮೇಲೇರುತ್ತದೆ, ಕೈಯಲ್ಲಿ ತೆನೆ ಮುರಿಯುವವರಿಗೂ ಕಾಲಿಗೆ ತೊಡಕು. ಪೊದೆಯಾಗಿ ನಿಲ್ಲುವ ಗಿಡ್ಡ ತಳಿಯನ್ನೇ ಕೇಳಿ ತನ್ನಿ. ಮಷಿನ್ ಕರೆಸುವವರು ಮೊದಲ ವರ್ಷ ಹತ್ತು ಗುಂಟೆಯಲ್ಲಿ ಮಾತ್ರ ಹಾಕಿ, ಅದೂ ಮಷಿನ್ ಕೊನೆಗೆ ಬರುವ ಮೂಲೆಯಲ್ಲಿ. ಆ ತುಂಡಿನ ತೆನೆಯನ್ನು ಕೈಯಲ್ಲಿ ಮುರಿದು ಬೇರೆ ತೂಗಿಸಿ, ಪಕ್ಕದ ಹತ್ತು ಗುಂಟೆಯದನ್ನೂ ಬೇರೆ ತೂಗಿಸಿ. ಎರಡೂ ಕಡೆಯಿಂದ ಒಂದೊಂದು ಹೆಂಟೆ ತೆಗೆದು ಒಣಗಿಸಿಟ್ಟುಕೊಳ್ಳಿ. ತೂಕದ ಚೀಟಿಯನ್ನೂ ಹೆಂಟೆಗಳನ್ನೂ ತೆಗೆದುಕೊಂಡು ಜನವರಿಯಲ್ಲಿ ಸೇರೋಣ, ಲೋಟ, ನೀರು ನಾನು ತರುತ್ತೇನೆ.